ಕಲ್ಲಿನ ಮೇಲೆ ನಿಲ್ಲುವವರಿಗೆ: ಹಗುರ ರಾಡ್ ಬಳಕೆದಾರರ ಕೈಪಿಡಿ

ಕಡಲಿಗೆ ಗಾಳ ಎಸೆಯಲು ಹಗುರವಾದ ಸ್ಪಿನ್ನಿಂಗ್ ರಾಡ್ ಕೊಳ್ಳಲು ಹೊರಟಿರುವ ತಮಗೆ ಅಭಿನಂದನೆಗಳು. ಈ ಕೈಪಿಡಿಯನ್ನು ರಾಡ್ ಕೊಳ್ಳುವ ಮೊದಲೇ ಓದತಕ್ಕದ್ದು. ಕೊಂಡ ಮೇಲೆ ಓದಿದರೆ ಹೊಟ್ಟೆಯುರಿಗೆ ನಾವು ಜವಾಬ್ದಾರರಲ್ಲ.

ಇಲ್ಲಿನ ಸೂಚನೆಗಳು ಕೋಡಿ, ಗಂಗೊಳ್ಳಿ, ಮಲ್ಪೆ, ಬೆಂಗ್ರೆಯಂಥ ಕಡೆ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ, ಬ್ರೇಕ್‌ವಾಟರ್ ಕಲ್ಲಿನ ಮೇಲೆ ನಿಂತು ಎಸೆಯುವವರಿಗೆ ಮಾತ್ರ ಅನ್ವಯ. ಬೋಟಿನಲ್ಲಿ ಆಳಕ್ಕೆ ಹೋಗುವವರು ಇಲ್ಲಿಗೇ ನಿಲ್ಲಿಸಬಹುದು. ಅವರ ರಾಡೇ ಬೇರೆ, ಬಜೆಟ್ಟೇ ಬೇರೆ.

ಮೊದಲ ಹೆಜ್ಜೆ: ಅಂಗಡಿಗೆ ಹೋಗಬೇಡಿ. ಇಳಿಬಿಸಿಲಿನ ಹೊತ್ತಿಗೆ ಬರಿಗೈಯಲ್ಲಿ ಕಲ್ಲಿನ ಮೇಲೆ ಹೋಗಿ, ಅಲ್ಲಿನವರು ಏನು ಎಸೆಯುತ್ತಾರೆ ನೋಡಿ. ಮರಳಿನ ಬದಿಯಲ್ಲಿ ಕಾಣೆಗೆ ಕೂತವರು ಸಿಗಡಿ ತುಂಡು ಚುಚ್ಚಿ, ಸೀಸ ಕಟ್ಟಿ ಕಾಯುತ್ತಾರೆ. ಬಂಗುಡೆ ಹಿಂಡು ಮೇಲೆ ಬಂದರೆ ಬೆರಳುದ್ದದ ಲೋಹದ ಜಿಗ್ ಹಾರುತ್ತದೆ. ಕಲ್ಲುಸಂದಿಯ ಕೆಂಬೇರಿಗೆ ರಬ್ಬರ್ ಮೀನು. ಇವುಗಳಲ್ಲಿ ಹೆಚ್ಚಿನವು 7ರಿಂದ 20 ಗ್ರಾಂ ಒಳಗೆ ತೂಗುತ್ತವೆ. ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿಗಿಡಿ. ತಾವು ಕೊಳ್ಳಲು ಹೊರಟಿರುವುದು ಅಷ್ಟು ತೂಕವನ್ನು ಎಸೆಯುವ ಒಂದು ಸ್ಪ್ರಿಂಗ್. ಉಳಿದದ್ದರಲ್ಲಿ ಮುಕ್ಕಾಲು ಪಾಲು ಬಣ್ಣ.

ಈಗ ಅಂಗಡಿಗೆ ಹೋಗಿ. ಅಂಗಡಿಯವರು ಹತ್ತು ಅಡಿಯ ದಪ್ಪ ರಾಡೊಂದನ್ನು ಇಳಿಸಿ, "ಇದು ಎಲ್ಲದಕ್ಕೂ ಆಗ್ತದೆ ಮಾರಾಯ್ರೆ, ಶಾರ್ಕ್ ಬಂದ್ರೂ ಮುರಿಯುದಿಲ್ಲ" ಎನ್ನುತ್ತಾರೆ. ಮುರಿಯುವುದಿಲ್ಲ, ನಿಜ. ಬಾಗುವುದೂ ಇಲ್ಲ. ಎಸೆಯುವಾಗ ಜಿಗ್ಗಿನ ಭಾರಕ್ಕೆ ರಾಡ್ ಹಿಂದಕ್ಕೆ ಬಾಗಿ, ಚಿಮ್ಮಿ ನೆಟ್ಟಗಾಗುವಾಗ ಆ ಬಲ ಜಿಗ್ಗಿಗೆ ಸಿಗಬೇಕು. 100 ಗ್ರಾಂ ಎಸೆಯಲು ಮಾಡಿದ ರಾಡಿಗೆ 10 ಗ್ರಾಂ ಕಟ್ಟಿದರೆ ಅದು ಕಾಯಿ ಕೀಳುವ ದೋಟಿಯ ತುದಿಯಿಂದ ನೆಲ್ಲಿಕಾಯಿ ಎಸೆದ ಹಾಗೆ. ತೋಳು ನೋಯುತ್ತದೆ, ಜಿಗ್ ಪಕ್ಕದ ಕಲ್ಲು ದಾಟುವುದಿಲ್ಲ.

ಹಾಗಾಗಿ ಹಿಡಿಯ ಮೇಲಿನ ಬರಹ ಓದಿ. ರಾಡಿನ ಬಿಗುವು ಹೇಳುವ ಎಲ್, ಎಂಎಲ್, ಎಂ ಎಂಬ ಅಕ್ಷರಗಳನ್ನು ಗೌರವದಿಂದ ನೋಡಿ ಮುಂದೆ ಸಾಗಿ. ಒಂದು ಕಂಪನಿಯ ಎಂಎಲ್ ಇನ್ನೊಂದರ ಎಂ ಆಗಿರುತ್ತದೆ, ಇದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ಗ್ರಾಂ ಲೆಕ್ಕವನ್ನಷ್ಟೇ ನಂಬಿ, ಅದನ್ನೂ ಪೂರ್ತಿ ನಂಬಬೇಡಿ. 5ರಿಂದ 25 ಗ್ರಾಂ ಎಂದು ಬರೆದಿದ್ದರೆ ಆ ರಾಡ್ ಸುಖವಾಗಿರುವುದು ಸುಮಾರು 12ರಿಂದ 18ರ ನಡುವೆ. ಉದ್ದ 8 ಅಡಿ ಇರಲಿ. ಬೋಟಿನವರ ಆರೂವರೆ ಅಡಿ ಇಲ್ಲಿ ಸಾಲದು, ಕಾಲಡಿಯ ಕಲ್ಲು ದಾಟಿಸಿ ದಾರವನ್ನು ಹೊರಗೆ ಹಿಡಿಯಬೇಕು. ಎರಡು ತುಂಡಿನದಾದರೆ ಬಿಡಿಸಿದಾಗ 4 ಅಡಿ, ಬಸ್ಸಿನಲ್ಲಿ ಕಾಲಸಂದಿ ನಿಲ್ಲುತ್ತದೆ. ಕಂಡಕ್ಟರ್ "ಎಂತ ಅಣ್ಣ ಅದು?" ಎಂದು ಕೇಳಿದರೆ ಉದ್ದದ ಉತ್ತರ ಕೊಡಬೇಡಿ.

ಇತಿಹಾಸ (ಅವಸರದವರು ಬಿಡಬಹುದು, ಬಿಟ್ಟರೆ ಮುಂದಿನ ಮಾತು ಅರ್ಥವಾಗದು). ಸ್ಪಿನ್ನಿಂಗ್ ರಾಡಿಗೆ ಕೂರಿಸುವ ಬಗೆಯ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ ಆಲ್ಫ್ರೆಡ್ ಇಲಿಂಗ್‌ವರ್ತ್ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯ ಮನೆತನದವನು. ಗಿರಣಿಯಲ್ಲಿ ನೂಲು ತಿರುಗದ ಬಾಬಿನ್ನಿನ ತುದಿಯಿಂದ ಸುರುಳಿಸುರುಳಿಯಾಗಿ ಬಿಚ್ಚಿಕೊಳ್ಳುವುದನ್ನು ಕಂಡಿದ್ದವನು. ಇಂದಿಗೂ ತಮ್ಮ ರೀಲಿನಿಂದ ದಾರ ಹೊರಡುವುದು ಅದೇ ಸುರುಳಿಯಲ್ಲಿ. ಆದ್ದರಿಂದಲೇ ರೀಲಿಗೆ ಹತ್ತಿರದ ಗೈಡ್ (ದಾರ ಹಾಯುವ ಉಂಗುರ) ದೊಡ್ಡದಾಗಿ, ರಾಡಿನಿಂದ ದೂರ ನಿಂತಿರಬೇಕು. ಅದು ಸುರುಳಿಯನ್ನು ಹಿಡಿದು ಸಣ್ಣದು ಮಾಡುತ್ತದೆ, ಮುಂದಿನವು ಇನ್ನೂ ಸಣ್ಣದು ಮಾಡಿ ತುದಿಗೆ ಕಳಿಸುತ್ತವೆ. ಗೈಡುಗಳ ಕಾಲು ಮುಂದಕ್ಕೆ ವಾಲಿದ್ದರೆ ಒಳ್ಳೆಯದು, ಸಿಕ್ಕಿಕೊಂಡ ದಾರ ತಾನೇ ಜಾರುತ್ತದೆ. ರಾಡನ್ನು ಕಣ್ಣಿಗೆ ಹಿಡಿದು ಗೈಡುಗಳೆಲ್ಲ ಒಂದೇ ಸಾಲಲ್ಲಿವೆಯೇ ನೋಡಿ. ಪ್ರತಿ ಉಂಗುರದೊಳಗೂ ಚೂರು ಹತ್ತಿ ಉಜ್ಜಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ನಾಳೆ ನಿಮ್ಮ ದಾರ ಅಲ್ಲೇ ಹರಿಯುತ್ತದೆ. ಅಂಗಡಿಯವರು ಹತ್ತಿ ಕಂಡು ನಕ್ಕರೆ ನಗಲಿ.

ತುದಿಯನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ಪೌರುಷ ತೋರಿಸಬೇಡಿ. ಬದಲಿಗೆ ತಮ್ಮ ರೀಲನ್ನು ಕೂರಿಸಿ ಹಿಡಿದು ನಿಲ್ಲಿ. 2500 ಅಥವಾ 3000 ಗಾತ್ರದ್ದು ಸಾಕು. ತುದಿ ನೆಲಕ್ಕೆ ತೂಗಿದರೆ ಆ ರಾಡ್ ಬೇಡ, ಎಷ್ಟೇ ಹಗುರವಿದ್ದರೂ ಎರಡು ತಾಸಿನಲ್ಲಿ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಕಾರ್ಬನ್ನಿನ ಬಿಗುವು 40 ಟನ್ ಎಂದು ಹೊಗಳಿದರೆ ಚುರುಕು ಹೌದು, ಕಲ್ಲಿಗೆ ಒಮ್ಮೆ ತಾಗಿದರೆ ಟಪ್ಪೆನ್ನುವುದೂ ಹೌದು. ಟೆಟ್ರಾಪಾಡುಗಳ ಮೇಲೆ ಏಳುಬೀಳುವವರಿಗೆ ತುಸು ಸಾಧಾರಣ ಕಾರ್ಬನ್ನೇ ಲೇಸು ಎಂಬುದು ನನ್ನ ಹಟ. ಫೈಬರ್‌ಗ್ಲಾಸ್ ಇನ್ನೂ ಗಟ್ಟಿ, ಆದರೆ ಭಾರ ಮತ್ತು ಮಂಕು.

ದಾರ: ಬ್ರೇಡ್, ಪಿಇ 1. ದಪ್ಪ 0.165 ಮಿ.ಮೀ. ಬಂಡೆಗಂಟಿದ ಪಚ್ಚಿಲೆ ಚಿಪ್ಪಿಗೆ ಇದು ಲೆಕ್ಕಕ್ಕೇ ಇಲ್ಲ, ಆದ್ದರಿಂದ ಮುಂದೆ ಎರಡು ಮೀಟರ್ ಫ್ಲೋರೊಕಾರ್ಬನ್ ಕಟ್ಟಿ. ಅಂಜಲ್ ಬಂದು ಅದನ್ನೂ ಕತ್ತರಿಸಿದರೆ, ಲ್ಯೂರಿನ ಬೆಲೆ ನೆನೆದು ಬೈಯುವ ಹಕ್ಕು ಗ್ರಾಹಕರಿಗಿದೆ. ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಜಾರಲು ಬಿಡುವ ಬಿಗಿ) ದಾರದ ತಾಳಿಕೆಯ ಕಾಲುಭಾಗಕ್ಕೆ ಇರಲಿ. 15 ಪೌಂಡ್ ದಾರವೆಂದರೆ ಸುಮಾರು 6.8 ಕಿಲೋ, ಹಾಗಾದರೆ ಒಂದೂಮುಕ್ಕಾಲು ಕಿಲೋಗೆ ಜಾರಬೇಕು. ಬೆರಳಲ್ಲಿ ಎಳೆದು ಅಂದಾಜು ಮಾಡುವುದು ಜಂಬ, ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ನೋಡಿ.

ಮೀನು ಕಲ್ಲಿನ ಬುಡಕ್ಕೆ ಬಂದಾಗ ಹಿಂದಿನಿಂದ ನಾಲ್ಕು ಜನ "ಎತ್ತಿ! ಎತ್ತಿ!" ಎಂದು ಕೂಗುತ್ತಾರೆ. ಎತ್ತಬೇಡಿ. ಹಗುರ ರಾಡುಗಳು ಪ್ರಾಣ ಬಿಡುವುದು ಈ ಗಳಿಗೆಯಲ್ಲೇ. ಹಿಡಿಯನ್ನು ಆಕಾಶಕ್ಕೆತ್ತಿದಾಗ ಭಾರವೆಲ್ಲ ಬಳುಕುವ ತುದಿಗೇ ಬೀಳುತ್ತದೆ. ಉದ್ದ ಹಿಡಿಯ ಬಲೆಯೊಂದನ್ನು ರಾಡಿನ ಜೊತೆಗೇ ಕೊಳ್ಳಿ. ಕೂಗಿದವರ ಕೈಗೆ ಬಲೆ ಕೊಟ್ಟರೆ ಇಬ್ಬರು ತಕ್ಷಣ ಮಾಯವಾಗುತ್ತಾರೆ.

ಎಚ್ಚರಿಕೆ (ಇದು ತಮಾಷೆಯಲ್ಲ). ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಮೇ ತಿಂಗಳ ಸಂಜೆ, ಅಕ್ಟೋಬರಿನ ಸಂಜೆ ಗುಡುಗು ಕೇಳಿದ ಕೂಡಲೇ ರಾಡ್ ಮಲಗಿಸಿ ಹೊರಡಿ, ತಂತಿ ಹಾದ ಕಡೆ ಎತ್ತಿ ಹಿಡಿದು ನಡೆಯಬೇಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ಕಡಲು ತಮಗೊಬ್ಬರಿಗೇ ಬಿಟ್ಟಿದೆ ಎಂದು ಆಗ ಅನಿಸಬಹುದು. ಪಾಚಿಗಟ್ಟಿದ ಕಲ್ಲಿನ ಮೇಲೆ ಮಳೆಗಾಲದ ತೆರೆಯೆದುರು ನಿಲ್ಲುವ ರಾಡನ್ನು ಯಾರೂ ತಯಾರಿಸಿಲ್ಲ. ಕಪಾಟಿನಲ್ಲಿಡಿ.

ಆರೈಕೆ: ಮನೆಗೆ ಬಂದೊಡನೆ ಸಿಹಿನೀರಲ್ಲಿ ತೊಳೆದು, ಎರಡು ತುಂಡನ್ನೂ ಬಿಡಿಸಿಡಿ. ಉಪ್ಪು ಕೂತ ಜೋಡಣೆ ಮರುವಾರ ಬಿಡಿಸಲು ಬರುವುದಿಲ್ಲ.

ಖಾತರಿ: ಮೀನು ಎಳೆದು ಮುರಿದ ರಾಡನ್ನು ಪರಿಶೀಲಿಸಲಾಗುವುದು. ಕಾರಿನ ಬಾಗಿಲು, ತಿರುಗುತ್ತಿದ್ದ ಸೀಲಿಂಗ್ ಫ್ಯಾನ್, ಆಟೋದಿಂದ ಹೊರಗೆ ಚಾಚಿದ ತುದಿ, ಜಗಲಿಯಲ್ಲಿ ಆಡುವ ಮಕ್ಕಳು ಹಾಗೂ "ಒಮ್ಮೆ ಕೊಡಿ ನೋಡುವ" ಎಂದ ಭಾವ, ಇವು ಖಾತರಿಯ ವ್ಯಾಪ್ತಿಗೆ ಬರುವುದಿಲ್ಲ. ಭಾವನ ವಿಷಯದಲ್ಲಿ ಯಾವ ಪತ್ರವ್ಯವಹಾರಕ್ಕೂ ಅವಕಾಶವಿಲ್ಲ.