ನಾಲ್ಕು ಅಡಲ್ಟು, ಒಂದು ಪಿಎನ್‌ಆರ್

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗ್ಗೆ ಆರು ಗಂಟೆಗೆ, ಮಂಕಿ ಕ್ಯಾಪು ಹಾಕಿಕೊಂಡು ಸಮುದ್ರದ ಬಗ್ಗೆ ಮಾತಾಡುವ ಒಬ್ಬರಿದ್ದಾರೆ. ಜೇಬಿನಲ್ಲಿ ಸದಾ ನಾಲ್ಕು ಮಡಿಕೆಯ ಒಂದು ಕಾಗದ. ನಾವೆಲ್ಲ ಅವರನ್ನು ಪ್ಲಾನ್ ರಾಯರು ಎನ್ನುತ್ತೇವೆ. ನಿಜವಾದ ಹೆಸರು ಕಟ್ಟಿಕೊಂಡು ಏನಾಗಬೇಕು? ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ಅವರ ಹೆಸರನ್ನೇ ಹಾಕಿಕೊಂಡು ಓದಿ.

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು ಅಂತ ಲೋಕ ನಗುತ್ತದೆ. ರಾಯರು ಕುಲಾವಿ ಹೊಲಿಸುವುದಷ್ಟೇ ಅಲ್ಲ, ಮೂರು ಅಂಗಡಿಯ ಕೊಟೇಶನ್ ತರಿಸಿ, ಬಿಲ್ಲನ್ನು ಫೈಲಿಗೆ ಸೇರಿಸಿ, ಅದರ ಜೆರಾಕ್ಸನ್ನು ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲೂ ಒಂದು ಇಟ್ಟಿರುತ್ತಾರೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವರು. ಲೆಕ್ಕ ಕೂಡದೆ ಅವರಿಗೆ ನಿದ್ದೆ ಹತ್ತುವುದಿಲ್ಲ.

ಅವರ ಸುವರ್ಣಯುಗವೆಂದರೆ ಎಲ್‌ಎಫ್‌ಸಿ ಕಾಲ. ಬ್ಯಾಂಕಿನವರು ಟೂರಿನ ಖರ್ಚು ಕೊಡುತ್ತಿದ್ದರು, ರಾಯರು ಸಂಸಾರವನ್ನು ಕಟ್ಟಿಕೊಂಡು ಹೊರಡುತ್ತಿದ್ದರು. ಮಗನಿಗೆ ಅರ್ಧ ಟಿಕೆಟ್ಟು, ಮಗಳು ತೊಡೆಯ ಮೇಲೆ. ಹೋಟೆಲಿನಲ್ಲಿ ಒಂದು ರೂಮು, ಒಂದು ಎಕ್ಸ್‌ಟ್ರಾ ಬೆಡ್ಡು. ಬೆಳಗ್ಗೆ ಐದಕ್ಕೆ “ಏಳಿ” ಅಂದರೆ ಎರಡೂ ಮಕ್ಕಳು ಕಣ್ಣುಜ್ಜಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. 2016ರಲ್ಲಿ ರೈಲ್ವೆಯವರು ಮಕ್ಕಳಿಗೆ ಬರ್ತ್ ಬೇಕಾದರೆ ಪೂರ್ತಿ ದುಡ್ಡು ಕೊಡಿ ಅಂದ ದಿನ ರಾಯರು ಊಟ ಸರಿಯಾಗಿ ಮಾಡಲಿಲ್ಲವಂತೆ. “ದುಡ್ಡಿನ ಮಾತಲ್ಲ ಸ್ವಾಮಿ, ಮಕ್ಕಳನ್ನ ದೊಡ್ಡೋರು ಅಂತ ಸರ್ಕಾರವೇ ಬರೆದುಬಿಟ್ರೆ ನಾವೇನು ಮಾಡೋದು?” ಎಂದಿದ್ದರು. ಆಗ ನನಗೆ ನಗು ಬಂದಿತ್ತು.

ಈಗ ಮಗನಿಗೆ ಇಪ್ಪತ್ತೆರಡು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಸಂಬಳ ಬಂದ ದಿನವೇ ಅವನ ಹೆಸರು ಎಲ್‌ಎಫ್‌ಸಿ ಪಟ್ಟಿಯಿಂದ ಹೊರಬಿತ್ತು. ಮಗಳಿಗೆ ಹದಿನೆಂಟು, ಇಂಜಿನಿಯರಿಂಗ್ ಮೊದಲ ವರ್ಷ. ಇಬ್ಬರೂ ಒಂದೇ ಸೂರಿನಡಿ ಇದ್ದರೂ ಅಪ್ಪನ ಕಣ್ಣಿಗೆ ಬೀಳುವುದು ಪಾರ್ಸೆಲ್ ತರುವ ಹುಡುಗ ಬೆಲ್ ಒತ್ತಿದಾಗ ಮಾತ್ರ. ಹೀಗಿರುವಾಗ ದಸರೆಯ ಹೊತ್ತಿಗೆ ರಾಯರು ಘೋಷಿಸಿದರು: “ಈ ಸಲ ಬೀಚ್ ರೆಸಾರ್ಟು. ನಾಲ್ಕೂ ಜನ.”

ವಾಟ್ಸಾಪ್ ಗುಂಪು ಶುರುವಾಯಿತು. ಮೊದಲು ‘ಕರಾವಳಿ ಪ್ರವಾಸ’, ಆಮೇಲೆ ‘ಕರಾವಳಿ ಪ್ರವಾಸ ಅಂತಿಮ’, ಕೊನೆಗೆ ‘ಅಂತಿಮ 3’. ರಾಯರು ಹದಿನಾಲ್ಕು ಸಾಲಿನ ಪ್ರಶ್ನೆ ಹಾಕಿದರೆ ಮಗ ಒಂದು ಹೆಬ್ಬೆಟ್ಟು ಒತ್ತುತ್ತಿದ್ದ. ಬ್ಯಾಂಕಿನಲ್ಲಿ ಹೆಬ್ಬೆಟ್ಟಿಗೆ ಇಬ್ಬರು ಸಾಕ್ಷಿ ಬೇಕು. ಇಲ್ಲಿ ಅದು ಹೌದೋ ಅಲ್ಲವೋ ಎಂದು ಹೇಳುವವರೂ ಇರಲಿಲ್ಲ. ಮಗಳು ಅದನ್ನೂ ಒತ್ತುತ್ತಿರಲಿಲ್ಲ. ಎರಡು ನೀಲಿ ಗೆರೆ ಬಿತ್ತೆಂದರೆ ಓದಿದ್ದಾಳೆ, ಬದುಕಿದ್ದಾಳೆ, ಅಷ್ಟೇ.

ತಿಂಗಳು ಆರಿಸುವುದೇ ಒಂದು ಪಂಚಾಂಗ ಶ್ರವಣವಾಯಿತು. ಜೂನ್‌ನಿಂದ ಸೆಪ್ಟೆಂಬರ್: ಮಳೆಗಾಲ, ಕಡಲು ಕೆರಳಿರುತ್ತದೆ, ನೀರಿಗಿಳಿಯಲು ಬಿಡುವುದಿಲ್ಲ. ಅಕ್ಟೋಬರ್: ಮಗಳ ಇಂಟರ್ನಲ್ಸ್. ನವೆಂಬರ್: ಮಗನ ಆಫೀಸಿನಲ್ಲಿ ‘ರಿಲೀಸ್’ (ಯಾರ ಬಿಡುಗಡೆಯೋ, ಅವನಿಗಂತೂ ಅಲ್ಲ). ಡಿಸೆಂಬರ್ ಕೊನೆ: ರೂಮಿನ ಬಾಡಿಗೆ ಕೇಳಿದರೆ ಬೇಸಿಗೆ ಬೇರೆ ಬೇಡ, ಅಲ್ಲೇ ಬೆವರು. ಮಾರ್ಚ್: ಬ್ಯಾಂಕಿನವರಿಗೆ ವಾರ್ಷಿಕ ಸೂತಕ. ಮೇ: ಕರಾವಳಿಯ ಸೆಕೆಯಲ್ಲಿ ಟವೆಲ್ ಕೂಡ ಒಣಗುವುದಿಲ್ಲ. ಎಲ್ಲ ಕಾಟು ಹೊಡೆದು ಉಳಿದದ್ದು 2026ರ ಜನವರಿ 24: ನಾಲ್ಕನೇ ಶನಿವಾರ, ಆಮೇಲೆ ಭಾನುವಾರ, ಸೋಮವಾರ ಗಣರಾಜ್ಯೋತ್ಸವ. ಒಂದು ರಜೆಯೂ ಹಾಕದೆ ಮೂರು ದಿನ! ಇಂಥ ಲೆಕ್ಕ ತಮಗೊಬ್ಬರಿಗೇ ಹೊಳೆದದ್ದು ಎಂದು ರಾಯರು ಹಿಗ್ಗಿದರು. ಅರ್ಧ ಬೆಂಗಳೂರಿಗೆ ಹೊಳೆದಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಜಾಗಕ್ಕೂ ಜಗಳವೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಮಗ ಗುಡ್ಡ ಹತ್ತಬೇಕೆಂದ, ಮಗಳು ನೀರಿಗಿಳಿಯಬೇಕೆಂದಳು, ರಾಯರಿಗೆ ದೇವಸ್ಥಾನ ಬೇಕು, ಅಮ್ಮನಿಗೆ ಅಡುಗೆಮನೆ ಇಲ್ಲದ ಯಾವ ಊರಾದರೂ ಸರಿ. ನಾಲ್ವರಿಗೂ ಒಪ್ಪುವ ಊರು ಕರ್ನಾಟಕದಲ್ಲಿ ಒಂದೇ: ಗೋಕರ್ಣ. ಓಂ ಬೀಚು, ಕುಡ್ಲೆ, ಹಾಫ್ ಮೂನು, ನಡುವೆ ಗುಡ್ಡದ ಕಾಲುದಾರಿ, ಊರೊಳಗೆ ಮಹಾಬಲೇಶ್ವರ.

ಇನ್ನು ರೆಸಾರ್ಟಿನವರ ಕಷ್ಟ. ರಾಯರು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

“ಸೀ ವ್ಯೂ ಅಂತ ಬರೆದಿದ್ದೀರಲ್ಲ, ಸಮುದ್ರ ಕಾಣುತ್ತೋ, ಕೇಳುತ್ತೋ?”

“ಸರ್, ಪಾರ್ಶಿಯಲ್ ಸೀ ವ್ಯೂ.”

“ಅಂದ್ರೆ ಎಲ್ಲಿ ನಿಂತ್ರೆ ಕಾಣುತ್ತೆ? ಬಾತ್‌ರೂಮಿನ ಬಕೆಟ್ ಬೋರಲು ಹಾಕಬೇಕೋ ಹೇಗೆ?”

ಆ ಕಡೆ ಮೌನ. ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟರವರೆಗೆ, ತಿಂಡಿಗೆ ಉಪ್ಪಿಟ್ಟೋ ಬ್ರೆಡ್ಡೋ, ಚಾರ್ಜರ್ ತೂತು ಎಷ್ಟು, ಎಲ್ಲ ಆದಮೇಲೆ ಬಾಡಿಗೆಯ ಮಾತು. ರೂಮಿಗೆ ರಾತ್ರಿಗೆ 7,600 ರೂಪಾಯಿ ಎಂದರು. ರಾಯರ ಕಣ್ಣು ಮಿಂಚಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಒಂದು ರೂಪಾಯಿ ಮೇಲೇರಿದರೆ ಶೇ. 18 ಎಂಬುದನ್ನು ಅವರು ಗಾಯತ್ರಿ ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದರು. ಅರ್ಧ ಗಂಟೆ ಚೌಕಾಸಿ ಮಾಡಿ 7,500ಕ್ಕೆ ಇಳಿಸಿದರು. ಆಮೇಲೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕಾಗದ ಹರಡಿ ನನಗೆ ತೋರಿಸಿದರು: “ನೋಡಿ, 7,600ಕ್ಕೆ ಟ್ಯಾಕ್ಸ್ ಸೇರಿ 8,968. 7,500ಕ್ಕೆ 7,875. ನೂರು ರೂಪಾಯಿ ಇಳಿಸಿ 1,093 ಉಳಿಸಿದೆ. ಎರಡು ರೂಮು, ಎರಡು ರಾತ್ರಿ, ನೀವೇ ಗುಣಿಸಿ.” ಗುಣಿಸಿದೆ, 4,372. ಆ ಆನಂದಕ್ಕೆ ಸಮುದ್ರದ ಅಗತ್ಯವೇ ಇರಲಿಲ್ಲ. ಟ್ರಿಪ್ಪು ಅಲ್ಲಿಗೇ ಸಾರ್ಥಕವಾಗಿತ್ತು.

ಎರಡು ರೂಮು ಎಂದದ್ದೂ ಸುಲಭಕ್ಕೆ ಆದದ್ದಲ್ಲ. ಒಂದೇ ರೂಮು, ಎರಡು ಎಕ್ಸ್‌ಟ್ರಾ ಬೆಡ್ಡು ಎಂಬುದು ರಾಯರ ಮೊದಲ ಕರಡು. ಬುಕಿಂಗ್ ಪುಟದಲ್ಲಿ ‘ಮಕ್ಕಳು’ ಎಂಬ ಕಡೆ 2 ಎಂದು ಒತ್ತಿದರೆ, ವಯಸ್ಸು ಕೇಳುವ ಪಟ್ಟಿ ಹದಿನೇಳಕ್ಕೇ ನಿಂತುಬಿಟ್ಟಿತು. ಕೆಳಗೆಳೆದರು, ಮೇಲೆಳೆದರು, ಹದಿನೆಂಟು ಇಲ್ಲವೇ ಇಲ್ಲ. “ಅಪ್ಪ, ನಾವು ಅಡಲ್ಟ್ಸು” ಎಂದು ಮಗಳು ಫೋನ್ ಕಸಿದುಕೊಂಡು ‘ಅಡಲ್ಟ್ 4, ಮಕ್ಕಳು 0’ ಎಂದು ತುಂಬಿದಳು. ಆ ಸೊನ್ನೆಯನ್ನು ರಾಯರು ಬಹಳ ಹೊತ್ತು ನೋಡಿದರಂತೆ. ಗಂಡಸರಿಗೊಂದು, ಹೆಂಗಸರಿಗೊಂದು ರೂಮು ಎಂದು ತೀರ್ಮಾನವಾದಾಗ ಎಲ್ಲರಿಗಿಂತ ಖುಷಿಪಟ್ಟವರು ಅವರ ಮನೆಯವರು: “ಇಪ್ಪತ್ನಾಲ್ಕು ವರ್ಷ ಈ ಗೊರಕೆ ನಾನು ಕೇಳಿದ್ದೀನಿ ಕಣೋ, ಎರಡು ರಾತ್ರಿ ನೀನು ಕೇಳು.”

ರೈಲಿನ ಟಿಕೆಟ್ಟು ಮಾತ್ರ ಒಂದೇ ಪಿಎನ್‌ಆರ್‌ನಲ್ಲಿ ಇರಬೇಕೆಂದು ಹಟ. ಮಗ “ನಾನು ಆಫೀಸ್ ಮುಗಿಸಿ ಬಸ್ಸಲ್ಲಿ ಬರ್ತೀನಿ” ಎಂದರೂ ಬಿಡಲಿಲ್ಲ. ಮೊದಲು 120 ದಿನ ಮುಂಚೆ ಟಿಕೆಟ್ಟು ತೆಗೆಯಬಹುದಿತ್ತು. 2024ರ ನವೆಂಬರಿನಿಂದ ಅದು 60ಕ್ಕೆ ಇಳಿದಿದೆ. ತಮ್ಮ ಆಯುಸ್ಸಿನಲ್ಲೇ ಅರವತ್ತು ದಿನ ಕಡಿದರೆಂಬ ಸಂಕಟ ರಾಯರಿಗೆ. ಅರವತ್ತನೆಯ ದಿನ ಬೆಳಗ್ಗೆ ಎಂಟಕ್ಕೆ, ಸ್ನಾನ ಮಾಡಿ ವಿಭೂತಿ ಹಚ್ಚಿ ಕಂಪ್ಯೂಟರಿನ ಮುಂದೆ ಕೂತರು. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ನಾಲ್ಕು ಬರ್ತ್ ಸಿಕ್ಕಿತು. ಪಿಎನ್‌ಆರ್ ಒಂದೇ, ಬರ್ತುಗಳು ಮಾತ್ರ ನಾಲ್ಕು ದಿಕ್ಕಿಗೆ. ಮನೆಯಲ್ಲೂ ಹಾಗೇ ತಾನೇ.

ವೇಳಾಪಟ್ಟಿಯ ಬಗ್ಗೆ ಒಂದು ಮಾತು. ಅದರಲ್ಲಿ ಮೂರನೆಯ ದಿನ ಕಾರವಾರಕ್ಕೆ ಹೋಗಿ, ಸಂಜೆ ಅಲ್ಲಿಂದಲೇ ರೈಲು ಹತ್ತುವುದೆಂದು ಬರೆದಿತ್ತು. ಯಾಕೆ ಎಂದು ಮಗ ಕೇಳಿದ್ದೇ ತಪ್ಪಾಯಿತು. “1883ರಲ್ಲಿ ರವೀಂದ್ರನಾಥ ಟ್ಯಾಗೋರರು ಆ ಕಡಲತೀರಕ್ಕೆ ಬಂದಿದ್ದರು. ವಯಸ್ಸೆಷ್ಟು ಗೊತ್ತಾ? ಇಪ್ಪತ್ತೆರಡು! ನಿನ್ನ ವಯಸ್ಸು. ಅಲ್ಲೇ ಒಂದು ನಾಟಕ ಬರೆದರು.” ಮಗ ಫೋನಿನಲ್ಲಿ ಏನೋ ಹುಡುಕಿ, ತಲೆಯೆತ್ತದೆ ಹೇಳಿದನಂತೆ: “ಅವರು ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಿದ್ರು ಅಪ್ಪ. ಅಪ್ಪನ ಜೊತೆ ಬಂದಿರಲಿಲ್ಲ.” ಕಾರವಾರದ ಸಾಲಿನ ಮೇಲೆ ರಾಯರು ಪೆನ್ಸಿಲಿನಲ್ಲಿ ಗೀಟು ಎಳೆದರು.

ಅಮ್ಮನ ತಯಾರಿ ಬೇರೆ. ರೆಸಾರ್ಟಿಗೆ ಹೋಗುವುದು ಅಡುಗೆ ತಪ್ಪಿಸಿಕೊಳ್ಳುವುದಕ್ಕೆ ಎಂದವರೇ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ, ನಲವತ್ತು ಚಪಾತಿ ಕಟ್ಟಿದರು. “ಅಲ್ಲೆಲ್ಲ ಸಿಗುತ್ತೆ ಅಮ್ಮ” ಎಂದ ಮಗಳೇ ಅರಸೀಕೆರೆ ಬರುವ ಮುಂಚೆ ಕೋಡುಬಳೆ ಡಬ್ಬಿಯ ತಳ ಕಂಡಳು ಎಂದು ಬರೆಯಬೇಕೆಂದಿದ್ದೆ. ಆ ರೈಲು ಅರಸೀಕೆರೆ ಮುಟ್ಟುವುದೇ ಇಲ್ಲ, ಹಾಸನದ ದಾರಿ ಎಂದು ರಾಯರು ತಿದ್ದಿದರು. ತಿದ್ದುವ ವಿಷಯದಲ್ಲಿ ಅವರು ಅಷ್ಟು ಕಟ್ಟುನಿಟ್ಟು.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗಗಳಿವೆ. ಪ್ರತಿಯೊಂದನ್ನೂ ಮಕ್ಕಳಿಗೆ ತೋರಿಸುವುದೆಂದು ಪಟ್ಟಿಯಲ್ಲಿತ್ತು. ರೈಲು ಘಾಟಿ ಇಳಿಯುವುದು ರಾತ್ರಿ. ಸುರಂಗದ ಒಳಗೂ ಕತ್ತಲೆ, ಹೊರಗೂ ಕತ್ತಲೆ. ರಾಯರೊಬ್ಬರೇ ಕಿಟಕಿಗೆ ಮೂಗು ಒತ್ತಿ, ಸದ್ದು ಬದಲಾದಾಗಲೆಲ್ಲ ಒಂದೊಂದು ಬೆರಳು ಮಡಚುತ್ತ ಮೂವತ್ತೊಂದರವರೆಗೆ ಎಣಿಸಿ, ಹಾಗೇ ತೂಕಡಿಸಿದರು.

ಗೋಕರ್ಣ ತಲುಪಿದ ಮರುದಿನ ಬೆಳಗಿನ ಕಾರ್ಯಕ್ರಮ ಹೀಗಿತ್ತು: 5.30 ಏಳುವುದು, 6.00 ಸಮುದ್ರಸ್ನಾನ, 7.00 ದೇವರ ದರ್ಶನ (ಪಂಚೆ), 8.30 ತಿಂಡಿ. ರಾಯರು ಐದೂವರೆಗೆ ಪಂಚೆ ಉಟ್ಟು ಮಗನ ಮಂಚದ ಬಳಿ ನಿಂತರು. ಕರೆದರು, ತಟ್ಟಿದರು, ಹೊದಿಕೆ ಎಳೆದರು, ಕೈ ಹಿಡಿದು ಜಗ್ಗಿದರು. ಅಲುಗಲಿಲ್ಲ.

ಗೋಕರ್ಣದಲ್ಲಿ ಯೋಜನೆ ಕೈಕೊಟ್ಟವರಲ್ಲಿ ರಾಯರೇನು ಮೊದಲಿಗರಲ್ಲ. ಆ ಗೌರವ ರಾವಣನದು. ಕೈಲಾಸದಿಂದ ಆತ್ಮಲಿಂಗ ಹೊತ್ತು ಲಂಕೆಗೆ ಹೊರಟವನ ಪ್ಲಾನು ಎಷ್ಟು ಚೆನ್ನಾಗಿತ್ತು! ಎಲ್ಲೂ ಇಳಿಸಬಾರದೆಂಬ ಷರತ್ತೂ ನೆನಪಿತ್ತು. ಮಾಡಿದ್ದೊಂದೇ ತಪ್ಪು: ಸಂಜೆ ಸಂಧ್ಯಾವಂದನೆಯ ಹೊತ್ತಿಗೆ ಲಗೇಜನ್ನು ಒಬ್ಬ ಹುಡುಗನ ಕೈಗೆ ಕೊಟ್ಟ. ಹುಡುಗ ಮೂರು ಸಲ ಕೂಗಿದ, ಇಟ್ಟೇಬಿಟ್ಟ. ಆಮೇಲೆ ಹತ್ತು ತಲೆ, ಇಪ್ಪತ್ತು ಕೈ ಹಾಕಿ ಎಳೆದರೂ ಆತ್ಮಲಿಂಗ ಏಳಲಿಲ್ಲ. ಅಷ್ಟು ಬಲ ಸೋತದ್ದರಿಂದಲೇ ಅದು ಮಹಾಬಲೇಶ್ವರ. ಎರಡೇ ಕೈಯ ರಾಯರು ಐದು ನಿಮಿಷದಲ್ಲಿ ಸೋಲೊಪ್ಪಿ ಹೆಂಡತಿಯೊಂದಿಗೆ ದರ್ಶನಕ್ಕೆ ಹೋದರು.

ತಿಂಡಿ ಹತ್ತಕ್ಕೆ ಬಂದ್. ಮಕ್ಕಳು ಎದ್ದದ್ದು ಹತ್ತೂಕಾಲಿಗೆ. ಬಾಡಿಗೆಯಲ್ಲೇ ಸೇರಿರುವ ತಿಂಡಿ ವ್ಯರ್ಥವಾಗುವುದನ್ನು ಬ್ಯಾಂಕಿನವರು ಸಹಿಸಲಾರರು. ಹಾಗಾಗಿ ಒಂಬತ್ತೂ ಐವತ್ತಕ್ಕೆ ರಾಯರು ನಾಲ್ಕು ಬಾಳೆಹಣ್ಣು, ಆರು ಬನ್ಸು, ಟಿಶ್ಯೂ ಪೇಪರಿನಲ್ಲಿ ಸುತ್ತಿ ಜುಬ್ಬದ ಜೇಬಿಗಿಳಿಸಿದರು. ನಂತರದ ಕಾರ್ಯಕ್ರಮಗಳೆಲ್ಲ ಒಂದೊಂದಾಗಿ ಮುರಿದವು. ಮಗ ಮರದ ನೆರಳಲ್ಲಿ ಲ್ಯಾಪ್‌ಟಾಪ್ ತೆರೆದು “ಹತ್ತೇ ನಿಮಿಷ” ಎಂದವನು ಎರಡು ಗಂಟೆ ಮೀಟಿಂಗಿನಲ್ಲಿ ಕೂತ. ಎಲ್ಲರಿಗೂ ರಜೆ ಎಂದು ಲೆಕ್ಕ ಹಾಕಿದ ರಾಯರಿಗೆ ಮೀಟಿಂಗಿಗೆ ರಜೆ ಇರುವುದಿಲ್ಲ ಎಂಬುದು ಹೊಳೆದಿರಲಿಲ್ಲ. ಮಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ನೂರು ಫೋಟೋ ತೆಗೆಸಿಕೊಂಡಳು. ತೆಗೆದವರು ರಾಯರು. ನೂರರಲ್ಲಿ ಅರುವತ್ತಕ್ಕೆ ಅವರ ಹೆಬ್ಬೆರಳು ಅಡ್ಡ ಬಂದಿತ್ತು.

ಎರಡನೆಯ ದಿನ ಸಂಜೆ, ಪಟ್ಟಿಯಲ್ಲಿ ‘ವಿಶ್ರಾಂತಿ’ ಎಂದಷ್ಟೇ ಇದ್ದ ಹೊತ್ತಿನಲ್ಲಿ, ಮಕ್ಕಳು ಅಪ್ಪ ಅಮ್ಮನನ್ನು ಕುಡ್ಲೆಯಿಂದ ಗುಡ್ಡ ಹತ್ತಿಸಿ ಓಂ ಬೀಚಿಗೆ ನಡೆಸಿಕೊಂಡು ಹೋದರು. ಜಾರುವ ಕಡೆ ಮಗಳು ಅಮ್ಮನ ಕೈ ಹಿಡಿದಳು. ಮಗ ರಾಯರ ಚೀಲ ಹೊತ್ತ. ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದ ಒಂದು ಸಣ್ಣ ಹೋಟೆಲಿನಲ್ಲಿ ಊಟ. ಬಿಲ್ಲು ಬಂದಾಗ ರಾಯರು ಅಭ್ಯಾಸಬಲದಿಂದ ಕನ್ನಡಕ ಹುಡುಕುತ್ತಿದ್ದರು. ಅಷ್ಟರಲ್ಲಿ ಮಗ ಫೋನ್ ತೋರಿಸಿ 1,640 ರೂಪಾಯಿ ಕೊಟ್ಟೂ ಆಗಿತ್ತು. ರಾಯರು ಬಿಲ್ಲನ್ನು ಕೂಡಿ ನೋಡಲೂ ಇಲ್ಲ.

ವಾಪಸು ಬಂದಮೇಲೆ ಪಾರ್ಕಿನಲ್ಲಿ ಕಾಗದ ತೆಗೆದು ತೋರಿಸಿದರು. ಎಲ್ಲ ಸಾಲೂ ಕೂಡಿತ್ತು, ಆ 1,640 ಮಾತ್ರ ಅಂಚಿನಲ್ಲಿ ಒಂಟಿಯಾಗಿತ್ತು. “ಖರ್ಚು ಅಂತ ಬರೆಯೋಣ ಅಂದ್ರೆ ನನ್ನ ಜೇಬಿಂದ ಹೋಗಿಲ್ಲ. ಜಮಾ ಅಂತ ಬರೆಯೋಕೆ ಈ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ. ಇಷ್ಟು ವರ್ಷದಲ್ಲಿ ಬೇಕಾಗಿರಲಿಲ್ಲ ನೋಡಿ,” ಎಂದು ಮಂಕಿ ಕ್ಯಾಪು ಸರಿಮಾಡಿಕೊಂಡರು. ಒಂದು ಸುತ್ತು ನಾವಿಬ್ಬರೂ ಮಾತಾಡದೆ ನಡೆದೆವು. ಎರಡನೆಯ ಸುತ್ತಿಗೆ ಅಂಡಮಾನಿನ ಮಾತು ಶುರುವಾಯಿತು.

ಇಂಥ ಅಪ್ಪಂದಿರ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ವೇಳಾಪಟ್ಟಿ ಬಂದಾಗ ಹೆಬ್ಬೆಟ್ಟು ಒತ್ತಿ ಸುಮ್ಮನಾಗಬೇಡಿ. ಐದೂವರೆಗೆ ಏಳುವುದಿಲ್ಲ ಎಂದು ಜಗಳವಾಡಿ, ಗುಡ್ಡವೋ ನೀರೋ ಎಂದು ಹಟ ಹಿಡಿಯಿರಿ, ಅದೆಲ್ಲ ಟೂರಿನ ಭಾಗವೇ. ಆದರೆ ಅದಕ್ಕೂ ಮೊದಲು ಆಫೀಸಿಗೆ ರಜೆ ಅರ್ಜಿ ಹಾಕಿ. ನಾಲ್ಕು ಹೆಸರು ಒಂದೇ ಟಿಕೆಟ್ಟಿನಲ್ಲಿ ಬರುವ ವರ್ಷಗಳು ಇನ್ನು ಹೆಚ್ಚಿಲ್ಲ.