ಬರ್ಲಿ, ಬರ್ಲಿ, ಹೋಲ್ಡಾನ್!

ನಮ್ಮ ಆಫೀಸಿನಲ್ಲಿ ಯಾರು ಯಾರನ್ನು ಎಷ್ಟು ನಂಬುತ್ತಾರೆಂದು ತಿಳಿಯಬೇಕಿದ್ದರೆ ಈಮೇಲಿನ ಸಿಸಿ ಸಾಲು ನೋಡಬೇಕು. ಖಾಲಿಯಿದ್ದರೆ ಸ್ನೇಹ. ಮ್ಯಾನೇಜರ್ ಹೆಸರಿದ್ದರೆ ಶಂಕೆ. ಅವರ ಮ್ಯಾನೇಜರೂ ಇದ್ದರೆ ಕುರುಕ್ಷೇತ್ರ. ಬಿಸಿಸಿಯ ಮಾತೇ ಬೇಡ, ಅದು ಶಕುನಿಯ ಖಾಸಾ ಕೋಣೆ. ‘ಆಸ್ ಪರ್ ಮೈ ಅರ್ಲಿಯರ್ ಮೇಲ್’ ಎಂದು ಶುರುವಾಗುವ ಪತ್ರವನ್ನು ನಾನು ಒಂದು ಲೋಟ ನೀರು ಕುಡಿಯದೆ ಓದುವುದಿಲ್ಲ.

ಈ ರೋಗಕ್ಕೆ ಎಚ್‌ಆರ್‌ನವರು ಕಂಡುಕೊಂಡ ಮದ್ದು, ಕನಕಪುರ ರಸ್ತೆಯ ಒಂದು ರೆಸಾರ್ಟು. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಸಹೋದ್ಯೋಗಿಗಳು ಹಿಡಿಯಬೇಕು, ನಂಬಿಕೆ ತಾನಾಗಿ ಹುಟ್ಟಬೇಕು. ಎಲ್ಲರೂ ಬಿದ್ದರು. ಅಪ್ರೈಸಲ್ ಹತ್ತಿರವಿದ್ದದ್ದರಿಂದ ಮ್ಯಾನೇಜರನ್ನು ಹಿಡಿಯಲು ಇಡೀ ತಂಡವೇ ನುಗ್ಗಿತು. ಸೋಮವಾರ ಸಿಸಿ ಸಾಲು ಇನ್ನಷ್ಟು ಬೆಳೆದಿತ್ತು. ಯಾರ ಕೈ ಸಡಿಲವೆಂದು ಈಗ ಎಲ್ಲರಿಗೂ ಗೊತ್ತಾಗಿತ್ತಲ್ಲ!

ನಂಬಿಕೆ ನೋಡಬೇಕಾದರೆ ಕೆಎಸ್‌ಆರ್‌ಟಿಸಿ ಬಸ್ಸು ರಿವರ್ಸ್ ಬರುವುದನ್ನು ನೋಡಬೇಕು. ಹಿಂದೆ ಚರಂಡಿ, ಎಳನೀರಿನ ಗಾಡಿ, ಮಲಗಿದ ನಾಯಿ. ಡ್ರೈವರಿಗೆ ಒಂದೂ ಕಾಣದು. ಕಂಡಕ್ಟರ್ ಬಸ್ಸಿನ ಬೆನ್ನು ತಟ್ಟುತ್ತಾ ‘ಬರ್ಲಿ, ಬರ್ಲಿ’ ಅಂದರೆ ಬರುತ್ತಾನೆ, ‘ಹೋಲ್ಡಾನ್’ ಅಂದರೆ ನಿಲ್ಲುತ್ತಾನೆ. ಬೆಳಿಗ್ಗೆ ಡಿಪೋದಲ್ಲಿ ಇಬ್ಬರೂ ಜಗಳ ಆಡಿರಲೂಬಹುದು. ಆದರೂ ‘ಕೂಗೋದು ಒಂಚೂರು ತಡ ಆಯ್ತು ಕಣಣ್ಣ’ ಎಂದು ಇವನು ಹೇಳಬಲ್ಲ. ಅವನು ಬಾಯ್ತುಂಬ ಬೈದು, ಮುಂದಿನ ಸ್ಟಾಪಿನಲ್ಲಿ ಟೀ ಕುಡಿಸಬಲ್ಲ.

ತಪ್ಪನ್ನು ಹೀಗೆ ಬಾಯಿಬಿಟ್ಟು ಹೇಳುವುದಕ್ಕೂ ನಂಬಿಕೆಯೇ ಬೇಕು. 1990ರ ದಶಕದಲ್ಲಿ ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಲೆಕ್ಕ ನೋಡಿದರು. ವಿಚಿತ್ರವೆಂದರೆ, ಒಳ್ಳೆಯ ತಂಡಗಳ ಲೆಕ್ಕದಲ್ಲೇ ತಪ್ಪು ಜಾಸ್ತಿ! ಅವರು ಹೆಚ್ಚು ತಪ್ಪುತ್ತಿದ್ದರೆಂದಲ್ಲ, ತಪ್ಪಿದ್ದನ್ನು ಹೆದರದೆ ಬಾಯಿಬಿಡುತ್ತಿದ್ದರೆಂದು ಆಮೇಲೆ ಹೊಳೆಯಿತು. ಮಿಕ್ಕ ಕಡೆ ತಪ್ಪುಗಳು ಸದ್ದಿಲ್ಲದೆ ದಿಂಬಿನಡಿ ಸೇರುತ್ತಿದ್ದವು.

ಊಟದ ಹೊತ್ತಿನಲ್ಲಿ ಇದನ್ನು ಮ್ಯಾನೇಜರಿಗೆ ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಮರುದಿನವೇ ಎಕ್ಸೆಲ್ ಶೀಟು ಬಂತು: ಪ್ರತಿ ತಂಡವೂ ತಿಂಗಳಿಗೆ ಕನಿಷ್ಠ ಐದು ತಪ್ಪು ಒಪ್ಪಿಕೊಳ್ಳತಕ್ಕದ್ದು. ಟಾರ್ಗೆಟ್ ಮುಟ್ಟದವರು ಕಾರಣ ಬರೆಯತಕ್ಕದ್ದು. ತಿಂಗಳ ಕೊನೆಗೆ ಪಕ್ಕದ ತಂಡದವರು ಮುಖ ಸಣ್ಣದು ಮಾಡಿಕೊಂಡು ಬಂದರು. “ನಮಗೆ ಎರಡು ಕಡಿಮೆ ಬಿದ್ದಿದೆ ಸಾರ್. ನಿಮ್ಮಲ್ಲಿ ಹೆಚ್ಚುವರಿ ಇದ್ದರೆ ಕೊಡಿ, ಮುಂದಿನ ತಿಂಗಳು ಬಡ್ಡಿ ಸಮೇತ ವಾಪಸ್ ಮಾಡ್ತೀವಿ.” ಪತ್ರ ಕೇಳಲಿಲ್ಲ, ಸಾಕ್ಷಿ ಕರೆಯಲಿಲ್ಲ, ಮೂರು ಎಣಿಸಿ ಕೊಟ್ಟೆವು.