ಆರು ಗುಂಟೆ, ಪಹಣಿಯಲ್ಲಿ ಮೂರೂಕಾಲು

ನಮ್ಮ ಮನೆಯ ಕಂಪ್ಯೂಟರ್ 2011ರದು. ಸ್ವಿಚ್ ಒತ್ತಿ ಅಡುಗೆಮನೆಗೆ ಹೋಗಿ, ಫಿಲ್ಟರಿಗೆ ಪುಡಿ ಹಾಕಿ, ಡಿಕಾಕ್ಷನ್ ಇಳಿಸಿ, ಕಾಫಿ ಬೆರೆಸಿಕೊಂಡು ಬಂದರೂ ಅದು ಇನ್ನೂ 'ವೆಲ್‌ಕಮ್' ಎನ್ನುತ್ತಾ ಬಾಗಿಲಲ್ಲೇ ನಿಂತಿರುತ್ತಿತ್ತು. ಐದು ವರ್ಷ ಸಹಿಸಿಕೊಂಡೆ. ಕೊನೆಗೆ ಅಕ್ಕನ ಮಗ ಫೋನಿನಲ್ಲೇ ನಾಡಿ ಹಿಡಿದ. "ಮಾವ, ಎರಡು ಜಿಬಿ ಎಲ್ಲಿಗೆ ಸಾಕಾಗತ್ತೆ? ನಾಲ್ಕು ಜಿಬಿದು ಒಂದು ರ‍್ಯಾಮ್ ತಂದು ಪಕ್ಕದಲ್ಲಿ ಸಿಕ್ಕಿಸಿ. ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷದ ಕೆಲಸ ಎಂದು ಯಾರಾದರೂ ಹೇಳಿದರೆ ಈಗೀಗ ನಾನು ರಜೆ ಹಾಕಿಯೇ ಶುರುಮಾಡುತ್ತೇನೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. "ಡಿಡಿಆರ್ ಟೂನಾ, ತ್ರೀನಾ ಸರ್?" ಎಂದ ಅಂಗಡಿಯ ಹುಡುಗ. "ಕಂಪ್ಯೂಟರಿಗೆ" ಎಂದೆ. ಆತ ನನ್ನನ್ನು ಬಿಟ್ಟು ಹಿಂದಿನ ಗಿರಾಕಿಯನ್ನು ನೋಡಿದ. ಮ್ಯಾಚಿಂಗ್ ಬ್ಲೌಸ್ ಪೀಸ್ ತರಲು ಹೋಗುವವರು ಸೀರೆಯನ್ನೇ ಒಯ್ಯುವ ವಿವೇಕ ನನಗೆ ಹೊಳೆದಿರಲಿಲ್ಲ. ಎರಡಕ್ಕೂ 240 ಪಿನ್‌ಗಳೇ. ಆದರೆ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿ. ಒಂದಕ್ಕೆ 1.8 ವೋಲ್ಟ್, ಇನ್ನೊಂದಕ್ಕೆ 1.5. ಮರುದಿನ ಹಳೆಯ ಪಟ್ಟಿಯನ್ನೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ಡಿಡಿಆರ್ ತ್ರೀ ತಂದೆ.

ಡಬ್ಬ ಬಿಚ್ಚಿ, ಐದು ವರ್ಷದ ಧೂಳು ಕೊಡವಿ, ಎರಡನ್ನೂ ಮೆಲ್ಲಗೆ ಕೂರಿಸಿ ಸ್ವಿಚ್ ಒತ್ತಿದೆ. ಪರದೆ ಕಪ್ಪು. ಒಳಗಿಂದ ಒಂದೇ ಸಮನೆ ಬೀಪ್, ಬೀಪ್. "ರೀ, ಯಾರೋ ಕಾರು ರಿವರ್ಸ್ ತೆಗೀತಿದಾರೆ, ನಮ್ಮ ಕಾಂಪೌಂಡ್ ನೋಡ್ಕೊಳ್ಳಿ" ಎಂದು ಒಳಗಿಂದ ನನ್ನವಳು ಕೂಗಿದಳು. ನೆನಪು ಸರಿಯಾಗಿ ಕೂತಿಲ್ಲದಿದ್ದರೆ ಯಂತ್ರಕ್ಕೆ ಪರದೆಯ ಮೇಲೆ ಒಂದಕ್ಷರ ಬರೆಯುವ ಶಕ್ತಿಯೂ ಇರುವುದಿಲ್ಲವಂತೆ. ಮಾತು ಬಾರದ ಕೂಸಿನ ಹಾಗೆ ಅಳುವುದೊಂದೇ ದಾರಿ.

"ರಬ್ಬರಿನಲ್ಲಿ ಉಜ್ಜಿ ಮಾವ" ಎಂದ ಅಳಿಯ. ಮಗಳ ಜಾಮೆಟ್ರಿ ಬಾಕ್ಸಿನಿಂದ ಎರಡು ಬಣ್ಣದ ರಬ್ಬರ್ ಕದ್ದು ಚಿನ್ನದ ಬಣ್ಣದ ಪಿನ್‌ಗಳನ್ನು ಉಜ್ಜಿದೆ. (ನೀಲಿ ಬದಿಯಿಂದ ಉಜ್ಜಬಾರದು, ಅದು ಮರಳುಕಾಗದದ ತಮ್ಮ.) ಮತ್ತೆ ಬೀಪ್. ಮದರ್‌ಬೋರ್ಡಿನ ಮೇಲೆ ನಾಲ್ಕಾಣೆಯಷ್ಟಗಲದ ಸೆಲ್ ಇರುತ್ತದೆ, ಅದನ್ನು ತೆಗೆದು ಹಾಕಿ ಎಂದ. ಅದನ್ನೂ ಮಾಡಿದೆ. ಕೊನೆಗೆ ತಿಳಿದದ್ದು ಇಷ್ಟೇ: ಮುರಿದೀತೆಂಬ ಹೆದರಿಕೆಯಲ್ಲಿ ನಾನು ಪಟ್ಟಿಯನ್ನು ಒತ್ತಿಯೇ ಇರಲಿಲ್ಲ. ಹಲ್ಲು ಕಚ್ಚಿ ಹೆಬ್ಬೆರಳಲ್ಲಿ ಒತ್ತಿದಾಗ ಎರಡೂ ಬದಿಯ ಕೊಕ್ಕೆಗಳು 'ಟಕ್' ಎಂದವು. ಯಂತ್ರ ಎದ್ದಿತು. ಆದರೆ ಸೆಲ್ ತೆಗೆದ ತಪ್ಪಿಗೆ ಅದರ ಪಾಲಿಗೆ ಅಂದು 2009ರ ಜನವರಿ 1. ವಿದ್ಯುತ್ ಬಿಲ್ ಕಟ್ಟಲು ಕೂತ ನನ್ನವಳಿಗೆ ಒಂದು ಪುಟವೂ ತೆರೆಯಲಿಲ್ಲ. ಆ ಪುಟಗಳ ಸುರಕ್ಷತಾ ಪತ್ರಗಳು 2009ರಲ್ಲಿ ಇನ್ನೂ ಹುಟ್ಟಿರಲಿಲ್ಲ. "ನೆನಪು ಹೆಚ್ಚಿಸ್ತೀನಿ ಅಂತ ಹೋಗಿ ತಾರೀಖನ್ನೇ ಮರೆಸಿದ್ರಲ್ಲ!"

ತಾರೀಖು ತಿದ್ದಿದೆ. ಹೆಮ್ಮೆಯಿಂದ ಮೆಮೊರಿ ಎಷ್ಟಿದೆ ಎಂದು ನೋಡಿದೆ. ಇರುವುದು 6 ಜಿಬಿ, ಬಳಕೆಗೆ ದಕ್ಕುವುದು 3.25 ಎಂದಿತ್ತು. ಕೊಂಡದ್ದು ಆರು ಗುಂಟೆ, ಪಹಣಿಯಲ್ಲಿ ಮೂರೂಕಾಲು! ನಮ್ಮದು 32 ಬಿಟ್ಟಿನ ವಿಂಡೋಸ್ 7. ಸೊನ್ನೆ-ಒಂದುಗಳ 32 ಅಂಕಿಯಲ್ಲಿ ಬರೆಯಬಹುದಾದ ವಿಳಾಸಗಳು 4,29,49,67,296. ಅಂದರೆ ನಾಲ್ಕು ಜಿಬಿ. ಅದರಲ್ಲೂ ಡಿಸ್‌ಪ್ಲೇ ಕಾರ್ಡು ಮುಂತಾದ ನೆಂಟರು ಮೊದಲೇ ಟವೆಲ್ ಹಾಕಿ ಜಾಗ ಹಿಡಿದಿರುತ್ತಾರೆ. ಮಿಕ್ಕ ಮೆಮೊರಿ ಪೆಟ್ಟಿಗೆಯೊಳಗೇ ಇದೆ, ಮನೆ ನಂಬರಿಲ್ಲ ಅಷ್ಟೆ.

ಅಲ್ಲಿಂದ ಮುಂದೆ ಮನೆಯಲ್ಲಿ ಏನೇ ಕೆಟ್ಟರೂ ಹೊಸ ರ‍್ಯಾಮಿನದೇ ತಪ್ಪು. ಪ್ರಿಂಟರ್ ಕಾಗದ ನುಂಗಿದ್ದು, ಸ್ಪೀಕರ್ ಗೊರಗೊರ ಎಂದದ್ದು, ಒಂದು ದಿನ ಮಿಕ್ಸಿ ನಿಂತದ್ದೂ. ವಾರ ಕಳೆಯುವುದರಲ್ಲಿ ನೀಲಿ ಪರದೆ ಬೇರೆ ಶುರುವಾಯಿತು. ನನ್ನವಳು ಹಾಲಿನ ಲೆಕ್ಕ ಬರೆಯುವಾಗಲೇ ಬರಬೇಕೆ? "ಅದು ಮನೆಗೆ ಕಾಲಿಟ್ಟ ಗಳಿಗೆಯೇ ಸರಿಯಿಲ್ಲ" ಎಂದು ತೀರ್ಪಾಯಿತು. ನಾನೂ ತಲೆಯಾಡಿಸಿದೆ.

ಅಳಿಯ ಮಾತ್ರ ಒಪ್ಪಲಿಲ್ಲ. ಒಂದೊಂದೇ ಪಟ್ಟಿ ಹಾಕಿ, ಮೆಮ್‌ಟೆಸ್ಟ್ ಓಡಿಸಿ ರಾತ್ರಿಯಿಡೀ ಬಿಡಿ ಎಂದ. ಮೊದಲ ರಾತ್ರಿ ಹೊಸದು. ಬೆಳಗ್ಗೆ ನೋಡಿದರೆ ಒಂದು ತಪ್ಪೂ ಇಲ್ಲ. ಎರಡನೆಯ ರಾತ್ರಿ ಹಳೆಯದು. ಬೆಳಗ್ಗೆ ಪರದೆಯ ತುಂಬಾ ಕೆಂಪು ಸಾಲುಗಳು.

ಹಳೆಯದನ್ನು ಕಿತ್ತು ಹೊಸದೊಂದನ್ನೇ ಉಳಿಸಿದೆ. ಬಳಕೆಗೆ ಎಷ್ಟು ಸಿಕ್ಕಿತೆಂದರೆ, ಆಗಲೂ ಮೂರೂಕಾಲೇ. ನೀಲಿ ಪರದೆ ಮತ್ತೆ ಬರಲಿಲ್ಲ.

ಇದನ್ನೆಲ್ಲ ನನ್ನವಳಿಗೆ ವಿವರಿಸಿದೆ. ಅವಳು ಹುರುಳಿಕಾಯಿ ನಾರು ತೆಗೆಯುವುದನ್ನು ನಿಲ್ಲಿಸಿ ಕೇಳಿದಳು. "ಅಂದ್ರೆ, ತಪ್ಪು ಮಾಡ್ತಿದ್ದದ್ದು ಮೊದಲಿಂದ ಇದ್ದದ್ದು. ಬೈಸ್ಕೊಂಡದ್ದು ಹೊಸದಾಗಿ ಬಂದದ್ದು. ನೀವು ಪಕ್ಕದಲ್ಲಿ ನಿಂತು ತಲೆಯಾಡಿಸಿದ್ರಿ."

ಹೇಳಿ, ಗೋಡೆಯ ಮೇಲಿದ್ದ ನಮ್ಮಮ್ಮನ ಫೋಟೊ ಕಡೆ ಒಮ್ಮೆ ನೋಡಿದಳು. ಬಿದ್ದಿರದ ಸ್ಕ್ರೂ ಒಂದನ್ನು ಹುಡುಕುತ್ತಾ ನಾನು ಮೇಜಿನ ಕೆಳಗೆ ಹೋದೆ.